ಓನರ್ ಬೀಗ ಹಾಕಿದರೆ ಸ್ಟೇಷನ್‌ನಲ್ಲಿ ಏನು ಹೇಳಬೇಕು

ಬೆಂಗಳೂರಿನಲ್ಲಿ ಬಾಡಿಗೆಗೆ ಇರುವವರಿಗೆ ಒಂದು ಮಾತು. ಓನರ್ ಜೊತೆಗಿನ ಜಗಳ ಸ್ಟೇಷನ್ ಮೆಟ್ಟಿಲು ಹತ್ತಿದರೆ ಅಲ್ಲಿ ಬಾಡಿಗೆ ಕಥೆ ಹೇಳಬೇಡಿ, ಬೀಗದ ಕಥೆ ಹೇಳಿ.

ನಾನು ಇದನ್ನು ಕಲಿತದ್ದು ಪೆಟ್ಟು ತಿಂದೇ. ದೀಪಾವಳಿಗೆ ಊರಿಗೆ ಹೋಗಿ, ರಾತ್ರಿ ಬಸ್ಸಿನಲ್ಲಿ ಬಂದು ಬೆಳಿಗ್ಗೆ ಆರಕ್ಕೆ ಮನೆ ಮುಂದೆ ನಿಂತರೆ ಬಾಗಿಲಿಗೆ ಹೊಸ ಬೀಗ. ಒಂದು ಕೈಯಲ್ಲಿ ಹಳೇ ಕೀ, ಇನ್ನೊಂದರಲ್ಲಿ ಅಮ್ಮ ಕೊಟ್ಟ ಚಕ್ಕುಲಿ ಡಬ್ಬ. ಸ್ಟೇಷನ್‌ಗೆ ಹೋಗಿ ಎರಡು ತಿಂಗಳ ಬಾಕಿ, ಅಡ್ವಾನ್ಸ್, ಪೇಂಟಿಂಗ್‌ಗೆ ಹಿಡಿದುಕೊಳ್ಳುವ ದುಡ್ಡು ಅಂತ ಶುರು ಮಾಡಿದೆ. "ಇದು ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ" ಅಂದುಬಿಟ್ಟರು.

ಬಾಕಿ ಸಿವಿಲ್ ಹೌದು. ಬೀಗ ಹಾಗಲ್ಲ. ನೀವು ವಾಸವಿರುವ ಮನೆಗೆ ನಿಮ್ಮನ್ನೇ ಹೋಗದಂತೆ ತಡೆದರೆ ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) ಸೆಕ್ಷನ್ 126, ಹೆದರಿಸಲು ಒಳನುಗ್ಗಿದರೆ 329. ಎರಡಕ್ಕೂ ಪೊಲೀಸರು ನೇರವಾಗಿ ಎಫ್‌ಐಆರ್ ಹಾಕಬಹುದು. 329 ನೋಡುವುದು ಮನೆ ಯಾರ ಹೆಸರಲ್ಲಿದೆ ಅಂತಲ್ಲ, ಯಾರ ಸ್ವಾಧೀನದಲ್ಲಿದೆ ಅಂತ.

ಹಾಗಾಗಿ ಬಾಗಿಲ ಮುಂದಿನಿಂದಲೇ 112ಕ್ಕೆ ಫೋನ್ ಮಾಡಿ, ಕರೆ ದಾಖಲಾಗುತ್ತದೆ. ಬೀಗದ ಫೋಟೋ ತೆಗೆಯಿರಿ. ಅಗ್ರಿಮೆಂಟ್, ಗ್ಯಾಸ್ ಬಿಲ್, ಬಾಡಿಗೆ ಕಳಿಸಿದ ಯುಪಿಐ ಸ್ಕ್ರೀನ್‌ಶಾಟ್ ಜೊತೆಗಿರಲಿ. ಬೀಗ ಮಾತ್ರ ನೀವೇ ಒಡೆಯಬೇಡಿ, ಸುಮ್ನೆ ಎದುರು ದೂರಿಗೆ ದಾರಿ. ದೂರು ಇಷ್ಟೇ ಇರಲಿ: "ಇಂಥ ತಿಂಗಳಿಂದ ಈ ಮನೆಯಲ್ಲಿ ವಾಸವಾಗಿದ್ದೇನೆ. ಇಂದು ಬೆಳಿಗ್ಗೆ 6ಕ್ಕೆ ಬಂದಾಗ ಬೇರೆ ಬೀಗ ಹಾಕಿತ್ತು. ನನ್ನ ಸಾಮಾನು ಒಳಗಿದೆ. ಒಳಗೆ ಬಿಡುತ್ತಿಲ್ಲ." ಅಡ್ವಾನ್ಸ್ ಮಾತೇ ಬೇಡ.

ದೂರಿನ ಇನ್ನೊಂದು ಪ್ರತಿಗೆ ಸೀಲ್ ಹಾಕಿಸಿಕೊಳ್ಳಿ. ತೆಗೆದುಕೊಳ್ಳುವುದಿಲ್ಲ ಅಂದರೆ ಹಿಂಬರಹ (ಯಾಕೆ ಆಗುವುದಿಲ್ಲ ಅಂತ ಬರೆದ ಉತ್ತರ) ಕೊಡಿ ಅಂತ ಮೆತ್ತಗೆ ಕೇಳಿ, ಎಷ್ಟೋ ಸಲ ಆ ಒಂದು ಪದಕ್ಕೇ ದನಿ ಬದಲಾಗುತ್ತದೆ. ಆಗಲೂ ಆಗದಿದ್ದರೆ ಬಿಎನ್‌ಎಸ್‌ಎಸ್ (ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ) ಸೆಕ್ಷನ್ 173(4) ಪ್ರಕಾರ ಅದೇ ದೂರನ್ನು ಅಂಚೆಯಲ್ಲಿ ಡಿಸಿಪಿಗೆ (ಬೇರೆ ಜಿಲ್ಲೆಯಾದರೆ ಎಸ್‌ಪಿಗೆ) ಕಳಿಸಿ. ಆಮೇಲಿನ ಬಾಗಿಲು ಮ್ಯಾಜಿಸ್ಟ್ರೇಟ್.

ಬೀಗ ಹಾಕದೆ ಫ್ಯೂಸ್ ಕೀಳುವ ಜಾಣರೂ ಇದ್ದಾರೆ. ಬೆಸ್ಕಾಂ 1912ಕ್ಕೆ ದೂರು ಕೊಟ್ಟು ನಂಬರ್ ಬರೆದಿಟ್ಟುಕೊಳ್ಳಿ. "ನಮ್ಮ ಕಡೆಯಿಂದ ಸಪ್ಲೈ ಸರಿ ಇದೆ" ಅಂದರೆ ಬೇಜಾರಾಗಬೇಡಿ, ಕರೆಂಟ್ ಹೋಗಿದ್ದು ಅವರಿಂದಲ್ಲ ಅನ್ನುವುದಕ್ಕೆ ನಿಮಗೆ ಬೇಕಿದ್ದ ಉತ್ತರವೇ ಅದು ಅಲ್ವಾ?

ಕಾಯಿದೆ ವಿಷಯ. 1999ರ ಕರ್ನಾಟಕ ಬಾಡಿಗೆ ಕಾಯಿದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿಗಿಂತ ಜಾಸ್ತಿ ಬಾಡಿಗೆಯ ಮನೆಗಳಿಗೆ ಅನ್ವಯಿಸುವುದಿಲ್ಲ. ಈಗ ಆ ದುಡ್ಡಿಗೆ ಮನೆ ಎಲ್ಲಿದೆ ಹೇಳಿ! ಹಾಗಂತ ಓನರ್ ಹೇಳಿದ್ದೇ ಕಾನೂನಲ್ಲ. ಅಗ್ರಿಮೆಂಟ್‌ನಲ್ಲಿ ಬೇರೆ ಏನೂ ಬರೆಯದಿದ್ದರೆ ತಿಂಗಳ ಬಾಡಿಗೆ ಮನೆಗೆ 15 ದಿನದ ನೋಟಿಸ್ ಕೊಡಬೇಕು. ಅವಧಿ ಮುಗಿದರೂ ನೀವು ಬಿಡದಿದ್ದರೆ ಅವರು ಕೋರ್ಟಿಗೆ ಹೋಗಿ ಆದೇಶ ತರಬೇಕು, ಆ ಆದೇಶ ಹಿಡಿದು ಕೋರ್ಟಿನ ಅಮೀನ (ಆದೇಶ ಜಾರಿ ಮಾಡುವ ಸಿಬ್ಬಂದಿ) ಬರಬೇಕು. ಮೂವರು ಹುಡುಗರನ್ನು ಬೈಕ್‌ನಲ್ಲಿ ಕಳಿಸಿ ಸಾಮಾನು ರಸ್ತೆಗೆ ಹಾಕಿಸಲು ಯಾವ ಓನರ್‌ಗೂ ಹಕ್ಕಿಲ್ಲ. ನೆಲೆನಿಂತ ಸ್ವಾಧೀನದಲ್ಲಿರುವವರನ್ನು ಮಾಲೀಕನೂ ಬಲವಂತವಾಗಿ ಹೊರಹಾಕುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 2003ರಲ್ಲಿ ರಾಮೇಗೌಡ ಮತ್ತು ವರದಪ್ಪ ನಾಯ್ಡು ಪ್ರಕರಣದಲ್ಲಿ ಹೇಳಿದೆ.

ಹೊರಹಾಕಿಯೇಬಿಟ್ಟರೆ ಸ್ಪೆಸಿಫಿಕ್ ರಿಲೀಫ್ ಕಾಯಿದೆಯ ಸೆಕ್ಷನ್ 6 ಇದೆ. ಹೊರಹಾಕಿದ 6 ತಿಂಗಳೊಳಗೆ ದಾವೆ ಹಾಕಿದರೆ, ಮಾಲೀಕ ಯಾರು ಅನ್ನುವ ಗೋಜಿಗೆ ಹೋಗದೆ ಕೋರ್ಟ್ ಸ್ವಾಧೀನ ವಾಪಸ್ ಕೊಡಿಸಬಹುದು. ಬರೀ ಬೆದರಿಕೆ ಇದ್ದರೆ ತಡೆಯಾಜ್ಞೆ ಕೇಳಿ. ವಕೀಲರ ಫೀಸಿಗೆ ದುಡ್ಡಿಲ್ಲದವರು ಕಾನೂನು ಸೇವಾ ಪ್ರಾಧಿಕಾರದ 15100ಕ್ಕೆ ಫೋನ್ ಮಾಡಿ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ನೆರವು ಸಿಗುತ್ತದೆ.

ಈ ನಡುವೆ ಬಾಡಿಗೆ ನಿಲ್ಲಿಸಬೇಡಿ. ಓನರ್ ಕೈಯಲ್ಲಿ ತೆಗೆದುಕೊಳ್ಳದಿದ್ದರೆ ಅವರ ಖಾತೆಗೇ ಹಾಕಿ.

ನಾನು ಮಧ್ಯಾಹ್ನ ಮತ್ತೆ ಹೋಗಿ ಆ ನಾಲ್ಕು ಸಾಲಿನ ದೂರು ಕೊಟ್ಟೆ. ಸಂಜೆ ಒಬ್ಬ ಕಾನ್‌ಸ್ಟೇಬಲ್ ಬಂದು ಬೀಗ ತೆಗೆಸಿದರು. ಬಾಕಿ ಜಗಳ ಇನ್ನೂ ನಡೀತಾನೇ ಇದೆ, ಆದರೆ ಈಗ ಮನೆಯೊಳಗೆ ಕೂತು.