ಮೂಡು ದಿಕ್ಕಿಗೊಂದು ಗಾಜಿನ ಜಗಲಿ

ಉಡುಪಿ ಮತ್ತು ಕುಂದಾಪುರದ ನಡುವೆ, ಸಮುದ್ರದಿಂದ ಎರಡು ಕಿಲೋಮೀಟರ್ ದೂರದಲ್ಲಿರುವ ನಮ್ಮ ತಾರಸಿ ಮನೆಗೆ 14 ಅಡಿ ಉದ್ದ, 8 ಅಡಿ ಅಗಲದ ಗಾಜಿನ ಜಗಲಿಯೊಂದನ್ನು ಸೇರಿಸಿದೆವು. ಇಂಟರ್‌ನೆಟ್ಟಿನಲ್ಲಿ ಸನ್‌ರೂಮ್ ಎಂದು ಹುಡುಕಿದರೆ ಬರುವ ಚಿತ್ರಗಳೆಲ್ಲ ಚಳಿ ದೇಶದವು. ಅಲ್ಲಿ ಬಿಸಿಲನ್ನು ಹಿಡಿದಿಡಬೇಕು, ಹಾಗಾಗಿ ಮಾಡಿಗೂ (ಚಾವಣಿಗೂ) ಗಾಜು ಹಾಕುತ್ತಾರೆ. ನಮಗೆ ಬೇಕಾದದ್ದು ಬೇರೆ. ನಾಲ್ಕು ತಿಂಗಳ ಮಳೆಯಲ್ಲಿ ಜಗಲಿಗೆ ನೀಲಿ ತಾಡಪಾಲು ಕಟ್ಟಿ ಕತ್ತಲಲ್ಲಿ ಕೂರುವ ಬದಲು ಬೆಳಕು ಬೇಕು, ಇರಚಲು ಬರಬಾರದು, ಬಟ್ಟೆ ಒಣಗಬೇಕು, ಏಪ್ರಿಲ್‌ನಲ್ಲಿ ಬೇಯಬಾರದು. ಆದ್ದರಿಂದ ಗಾಜು ಗೋಡೆಗೆ ಮಾತ್ರ, ಮಾಡಿಗೆ ಹೆಂಚು. ಈ ಒಂದು ತೀರ್ಮಾನದಿಂದ ಅರ್ಧ ತೊಂದರೆ ಕಳೆಯಿತು.

ಮೊದಲು ದಿಕ್ಕು. ಸಮುದ್ರ ಪಡುವಣಕ್ಕಿದೆ, ನೋಟವೂ ಅಲ್ಲೇ ಚೆಂದ. ಆದರೆ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಳಿ ಬಡಿಯುವುದೂ ಅದೇ ಮುಖಕ್ಕೆ, ಬೇಸಗೆಯ ಸಂಜೆ ಬಿಸಿಲು ಬೀಳುವುದೂ ಅದಕ್ಕೇ. ಏಪ್ರಿಲ್ ಕೊನೆಯಲ್ಲಿ ಸಂಜೆ 5 ಗಂಟೆಗೆ ನಮ್ಮಲ್ಲಿ ಸೂರ್ಯನ ಎತ್ತರ ಸುಮಾರು 24 ಡಿಗ್ರಿ. ಆ ಕೋನದಲ್ಲಿ 3 ಅಡಿ ಚಾಚಿದ ಸೂರು ಗಾಜಿನ ಮೇಲೆ ಬೀಳಿಸುವ ನೆರಳು ಬರೇ 1 ಅಡಿ 4 ಇಂಚು. ಸೂರನ್ನು ಎಷ್ಟು ಚಾಚಿದರೂ ಪಡು ಬಿಸಿಲನ್ನು ತಡೆಯಲಾಗದು. ಮೂಡು ಕಡೆಯಲ್ಲೂ ಅಷ್ಟೇ ಓರೆಯಾದ ಬಿಸಿಲು ಬರುತ್ತದೆ, ಆದರೆ ಅದು ಬರುವುದು ಗಾಳಿ ಇನ್ನೂ ತಂಪಾಗಿರುವ ಬೆಳಗಿನ ಹೊತ್ತಿನಲ್ಲಿ. ಆದ್ದರಿಂದ ಜಗಲಿಯನ್ನು ಮೂಡು ಕಡೆಗೇ ಕಟ್ಟಿದೆವು. ಹಾಗೆಂದು ಮೂಡು ಮುಖ ಪೂರ್ತಿ ಸುರಕ್ಷಿತ ಎಂದು ಹೇಳಲಾರೆ. ಅಕ್ಟೋಬರ್‌ನಲ್ಲಿ ಘಟ್ಟದ ಕಡೆಯಿಂದ ಇಳಿಯುವ ಗುಡುಗುಮಳೆ ನೇರ ಅಲ್ಲಿಗೇ ಹೊಡೆಯುತ್ತದೆ. ಮುಂದಿನ ಲೆಕ್ಕವನ್ನೆಲ್ಲ ಅದಕ್ಕೆ ಹೊಂದಿಸಿಯೇ ಮಾಡಿದ್ದು.

ಎತ್ತರದ ಲೆಕ್ಕವನ್ನು ಕಾಗದದ ಮೇಲೆ ಹಾಕದೆ ಕೆಲಸ ಶುರು ಮಾಡಬಾರದು. ಮಂಗಳೂರು ಹೆಂಚಿಗೆ 25 ಡಿಗ್ರಿಗಿಂತ ಕಡಿಮೆ ಇಳಿಜಾರು ಕೊಟ್ಟರೆ ಗಾಳಿಮಳೆಯಲ್ಲಿ ನೀರು ಹೆಂಚಿನ ಸಂದಿಯಿಂದ ಮೇಲಕ್ಕೆ ಹತ್ತುತ್ತದೆ. 8 ಅಡಿ ಅಗಲಕ್ಕೆ 25 ಡಿಗ್ರಿ ಎಂದರೆ 3 ಅಡಿ 9 ಇಂಚು ಇಳಿತ. ಮನೆಯ ತಾರಸಿಯ ಕೆಳಮೈ ಮನೆಯ ನೆಲದಿಂದ 10 ಅಡಿ 6 ಇಂಚಿಗೆ ಇತ್ತು. ಜಗಲಿಯ ನೆಲವನ್ನು ಮನೆಯ ನೆಲಕ್ಕಿಂತ 6 ಇಂಚು ಕೆಳಗೆ ಇಟ್ಟು, ಮೇಲೆ 9 ಇಂಚು ಬಿಟ್ಟು, ಮಾಡಿನ ಮೇಲಂಚನ್ನು ಜಗಲಿಯ ನೆಲದಿಂದ 10 ಅಡಿ 3 ಇಂಚಿಗೆ ನಿಲ್ಲಿಸಿದೆವು. ಹೊರಗಿನ ಕಂಬದ ಹತ್ತಿರ 6 ಅಡಿ 6 ಇಂಚು ಉಳಿಯಿತು. ಅಲ್ಲಿಂದ 2 ಅಡಿ ಸೂರು ಚಾಚಿದಾಗ ಅದರ ಅಂಚು ನೆಲದಿಂದ 5 ಅಡಿ 7 ಇಂಚಿಗೆ ಬಂತು. ನಿಂತವರಿಗೆ ತಗ್ಗು ಅನ್ನಿಸುತ್ತದೆ, ಕುರ್ಚಿಯಲ್ಲಿ ಕೂತವರಿಗೆ ಅಂಗಳ ಪೂರ್ತಿ ಕಾಣುತ್ತದೆ. ಹಳೆಯ ಮನೆಗಳ ಜಗಲಿಯ ಸೂರು ತಲೆ ಬಗ್ಗಿಸಿ ಒಳಬರುವಷ್ಟು ಇಳಿದಿರುವುದು ಸುಮ್ಮನೆ ಅಲ್ಲ. ಇಷ್ಟು ಇಳಿದ ಸೂರಿನಿಂದಾಗಿ ಏಪ್ರಿಲ್‌ನಲ್ಲಿ ಬೆಳಿಗ್ಗೆ ಹತ್ತೂಕಾಲರ ಹೊತ್ತಿಗೆ ಮೂಡು ಮುಖದ ಗಾಜು ಪೂರ್ತಿ ನೆರಳಿಗೆ ಬರುತ್ತದೆ. ಬಾಗಿಲನ್ನು ಮಾತ್ರ ಮುಂದಿನ ಗೋಡೆಗೆ ಇಡಲಿಲ್ಲ. ಮಾಡು ಎತ್ತರವಾಗಿರುವ ಪಕ್ಕದ ಗೋಡೆಯಲ್ಲಿ, ಮನೆಗೆ ತಾಗಿದ ಕಡೆ 7 ಅಡಿಯ ಬಾಗಿಲು ಇಟ್ಟೆವು.

ಗಾಳಿಯ ಒತ್ತಡವನ್ನು ಅಂದಾಜಿನಲ್ಲಿ ಬಿಡುವಂತಿಲ್ಲ. ಕಟ್ಟಡಗಳ ಮೇಲಿನ ಭಾರದ ಬಗೆಗಿನ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದಲ್ಲಿ ಮಂಗಳೂರಿಗೆ ಕೊಟ್ಟಿರುವ ಮೂಲ ಗಾಳಿವೇಗ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ 140 ಕಿಲೋಮೀಟರ್. ವೇಗದ ವರ್ಗವನ್ನು 0.6ರಿಂದ ಗುಣಿಸಿದರೆ 912 ಪಾಸ್ಕಲ್, ನಮ್ಮ ಭಾಷೆಯಲ್ಲಿ ಚದರ ಮೀಟರಿಗೆ 93 ಕಿಲೋ. ಸೂರು ಮತ್ತು ಪಕ್ಕದ ಚಾಚು ಸೇರಿ ನಮ್ಮ ಮಾಡಿನ ಹರವು ಸುಮಾರು 16.4 ಚದರ ಮೀಟರ್. ಒಟ್ಟು ಒಂದೂವರೆ ಟನ್ ಮೇಲಕ್ಕೆ ಎತ್ತುವ ಬಲ. ಹೆಂಚಿನ ಒಟ್ಟು ತೂಕ ಆರೂವರೆ ಕ್ವಿಂಟಲ್ ಮಾತ್ರ. ಹೆಂಚು ಭಾರ, ಹಾರುವುದಿಲ್ಲ ಎಂಬ ನಂಬಿಕೆ ಈ ಲೆಕ್ಕದ ಮುಂದೆ ನಿಲ್ಲುವುದಿಲ್ಲ. ಅಂಚು ಮೂಲೆಗಳಲ್ಲಿ ಎಳೆತ ಇನ್ನೂ ಹೆಚ್ಚು. ಒಂದು ಗಾಜು ಒಡೆದು ಗಾಳಿ ಒಳನುಗ್ಗಿದರೆ ಕೆಳಗಿನಿಂದಲೂ ತಳ್ಳುತ್ತದೆ. 2021ರ ಮೇ ತಿಂಗಳ ತೌಕ್ತೆ ಚಂಡಮಾರುತ ನಮ್ಮ ತೀರಕ್ಕೆ ಅಪ್ಪಳಿಸಲೇ ಇಲ್ಲ, ಸಮುದ್ರದಲ್ಲೇ ಉತ್ತರಕ್ಕೆ ಸಾಗಿ ಗುಜರಾತ್ ಸೇರಿತು. ಆದರೂ ಕರಾವಳಿಯಲ್ಲಿ ಎಷ್ಟೋ ಮಾಡುಗಳು ಹೋದವು.

ಆದ್ದರಿಂದ ಕಂಬಗಳನ್ನು ಮುರಕಲ್ಲಿನ (ಜಂಬಿಟ್ಟಿಗೆಯ) ಗೋಡೆಯ ತಲೆಗೆ ಕೂರಿಸಲಿಲ್ಲ. ಆರು ಕಂಬ, ಹೊರಗೆ ಮೂರು, ಮನೆಯ ಗೋಡೆಯ ಪಕ್ಕ ಮೂರು. ಪ್ರತಿಯೊಂದಕ್ಕೂ ನೆಲದಿಂದ 3 ಅಡಿ ಕೆಳಗೆ ಎರಡೂವರೆ ಅಡಿ ಚೌಕದ ಕಾಂಕ್ರೀಟ್ ಅಡಿಪಾಯ, ಅದರಿಂದ 12 ಎಂಎಂನ ನಾಲ್ಕು ಸರಳು ಹಾಕಿದ 9 ಇಂಚಿನ ಕಾಂಕ್ರೀಟ್ ಕಂಬ ಎರಡೂವರೆ ಅಡಿಯ ಅರೆಗೋಡೆಯ ಮಟ್ಟದವರೆಗೆ. ಅದರ ತಲೆಯಲ್ಲಿ ಎರಕ ಹಾಕುವಾಗಲೇ ನಾಲ್ಕು ಬೋಲ್ಟ್ ಹೂಳಿ, 10 ಎಂಎಂ ಪ್ಲೇಟು, ಮೇಲೆ 3 ಇಂಚು ಚೌಕದ ಪೈಪು. ಮಾಡಿನ ಒಳತುದಿಯನ್ನು ಹಳೆಯ ಗೋಡೆಗೆ ಬೋಲ್ಟ್ ಹೊಡೆದು ನಿಲ್ಲಿಸಿದರೆ ಮೂರು ಕಂಬದ ಖರ್ಚು ಉಳಿಯುತ್ತದೆ ಎಂದು ಫ್ಯಾಬ್ರಿಕೇಷನ್‌ನವರು ಹೇಳುವುದುಂಟು. ಒಪ್ಪಬೇಡಿ. ಮುರಕಲ್ಲು ತೂತುತೂತಾದ ಕಲ್ಲು, ಬಿಗಿದಂತೆಲ್ಲ ಹಿಗ್ಗುವ ಆಂಕರ್ ಬೋಲ್ಟು ಅದರಲ್ಲಿ ಕಚ್ಚುವುದಿಲ್ಲ, ಕಲ್ಲೇ ಪುಡಿಯಾಗುತ್ತದೆ. ಹೊಸ ಪಂಚಾಂಗ (ಅಡಿಪಾಯ) ಮೊದಲ ಎರಡು ಮಳೆಗಾಲದಲ್ಲಿ ಸ್ವಲ್ಪವಾದರೂ ಕೂರುತ್ತದೆ, ಹಳೆಯದು ಕೂತು ಮುಗಿದಿರುತ್ತದೆ. ಎರಡನ್ನೂ ಕಟ್ಟಿಹಾಕಿದರೆ ಬಿರುಕು ಖಂಡಿತ. ಹೊಸ ಅರೆಗೋಡೆಗೂ ಹಳೆಯ ಗೋಡೆಗೂ ನಡುವೆ 15 ಎಂಎಂ ಸಂದಿ ಬಿಟ್ಟು, ಫೋಮಿನ ಹಗ್ಗ ತುರುಕಿ, ಮೇಲೆ ಪಾಲಿಯುರೆಥೇನ್ ಸೀಲಂಟ್ ತುಂಬಿದೆವು.

ಪಕಾಸಿಗೆ (ಮಾಡಿನ ಇಳಿಜಾರಿನ ತೊಲೆಗೆ) 4×2 ಇಂಚಿನ 3 ಎಂಎಂ ಪೈಪು, ಮೂರೂವರೆ ಅಡಿಗೊಂದರಂತೆ ಐದು. ಹೆಂಚು ಕೂರುವ ಅಡ್ಡಪಟ್ಟಿಗೆ, ಅಂದರೆ ರೀಪಿಗೆ, 2×1 ಇಂಚಿನ ಪೈಪು. ರೀಪಿನ ಅಂತರ ಸುಮಾರು ಹನ್ನೆರಡೂವರೆ ಇಂಚು, ಆದರೆ ತಂದ ಹೆಂಚನ್ನೇ ನೆಲದ ಮೇಲೆ ನಾಲ್ಕು ಸಾಲು ಜೋಡಿಸಿ ಅಳೆದ ಮೇಲೆಯೇ ವೆಲ್ಡಿಂಗ್ ಮಾಡಿಸಿ. ಕಾರ್ಖಾನೆಯಿಂದ ಕಾರ್ಖಾನೆಗೆ ಕಾಲಿಂಚು ವ್ಯತ್ಯಾಸವಿರುತ್ತದೆ, ಹನ್ನೊಂದು ಸಾಲು ಮುಗಿಯುವಾಗ ಅದು ಎರಡೂವರೆ ಇಂಚು ದಾಟುತ್ತದೆ. ನಮಗೆ ಸುಮಾರು 250 ಹೆಂಚು ಹಿಡಿದವು, ಒಡೆಯುವುದಕ್ಕೆಂದು 20 ಹೆಚ್ಚು ತಂದೆವು. ಹೆಂಚಿನ ಅಡಿಯಲ್ಲಿ ಒಂದು ಸಣ್ಣ ಕಿವಿ ಇರುತ್ತದೆ, ಅದರಲ್ಲೊಂದು ತೂತು. ಈಗ ಅದನ್ನು ಬಳಸುವವರು ಕಡಿಮೆ. ಅದು ಇರುವುದೇ ತಂತಿ ಕಟ್ಟಲಿಕ್ಕೆ. ಸೂರಿನ ಎರಡು ಸಾಲು, ಎರಡೂ ಪಕ್ಕದ ಅಂಚು, ಮೇಲಿನ ಸಾಲು, ಇಷ್ಟನ್ನು ತಂತಿಯಿಂದ ರೀಪಿಗೆ ಬಿಗಿದೆವು. ಇಬ್ಬರಿಗೆ ಒಂದು ದಿನದ ಕೆಲಸ.

ಬೆಳಕಿಗೆ ಗಾಜಿನ ಹೆಂಚು. ನಮ್ಮ ಅಡುಗೆಮನೆಗಳಿಗೆ ಇದು ಹೊಸತಲ್ಲ. 12 ಗಾಜಿನ ಹೆಂಚನ್ನು ಮನೆಯ ಗೋಡೆಗೆ ಹತ್ತಿರದ ಸಾಲುಗಳಲ್ಲಿ ಚದುರಿಸಿ ಹಾಕಿದೆವು, ಒಟ್ಟಾಗಿ ಅಲ್ಲ. ಒಂದರ ಮೇಲೊಂದು ಹಾಕಿದರೆ ಮಧ್ಯಾಹ್ನ ನೆಲದ ಮೇಲೆ ಬಿಸಿಲ ಪಟ್ಟಿ ಬೀಳುತ್ತದೆ, ಚದುರಿಸಿದರೆ ಅಂಗೈಯಗಲದ ಬೆಳಕಿನ ಚೂರುಗಳು ನಿಧಾನ ನಡೆದು ಹೋಗುತ್ತವೆ. ಪಾಲಿಕಾರ್ಬೊನೇಟ್ ಶೀಟು ಹಾಕುವುದೇ ಆದರೆ ಯುವಿ ಪದರ ಇರುವ ಮೈ ಮೇಲಕ್ಕೆ ಬರಬೇಕು, ಸ್ಕ್ರೂ ತೂತು ದೊಡ್ಡದಿರಬೇಕು. 3 ಮೀಟರಿನ ಶೀಟು 40 ಡಿಗ್ರಿ ಬಿಸಿ ಏರಿದರೆ ಹೆಚ್ಚುಕಡಿಮೆ 8 ಎಂಎಂ ಹಿಗ್ಗುತ್ತದೆ. ಕೊಳವೆಗಳಿರುವ ಶೀಟಿನ ತುದಿಗೆ ಟೇಪು ಹಾಕದಿದ್ದರೆ ಮಳೆಗಾಲದಲ್ಲಿ ಒಳಗೆ ಪಾಚಿ ಕಟ್ಟುತ್ತದೆ, ಅದನ್ನು ತೊಳೆಯಲು ದಾರಿಯೇ ಇಲ್ಲ.

ಮಾಡು ಮನೆಯ ಗೋಡೆಗೆ ಸೇರುವ ಜಾಗವೇ ಎಲ್ಲರ ಮನೆಯಲ್ಲೂ ಸೋರುವುದು. ಹೆಂಚಿಗೂ ಗೋಡೆಗೂ ಸಿಮೆಂಟು ಮೆತ್ತುತ್ತಾರೆ, ಬಿಸಿಲಿಗೆ ಅದು ಬಿಡುತ್ತದೆ, ಮರುವರ್ಷ ಇನ್ನೊಂದಿಷ್ಟು ಮೆತ್ತುತ್ತಾರೆ. ನಾವು ಮೇಲಿನ ಸಾಲನ್ನು ಗೋಡೆಗೆ ಮುಟ್ಟಿಸದೆ 3 ಇಂಚು ದೂರ ನಿಲ್ಲಿಸಿದೆವು. ಅದರ ಮೇಲೆ ಗೋಡೆಯಲ್ಲಿ 1 ಇಂಚು ಆಳದ ಗೆರೆ ಕೊರೆದು, 1 ಎಂಎಂ ದಪ್ಪದ ಅಲ್ಯುಮಿನಿಯಂ ತಗಡನ್ನು ಒಳಗೆ ಸೇರಿಸಿ, ಹೊರಕ್ಕೂ ಕೆಳಕ್ಕೂ ಬಗ್ಗಿಸಿ, ಹೆಂಚಿನ ಮೇಲೆ 8 ಇಂಚು ಚಾಚಿ ಟೋಪಿಯಂತೆ ಮಾಡಿದೆವು. ತಗಡಿಗೂ ಹೆಂಚಿಗೂ ನಡುವೆ 2 ಇಂಚು ಸಂದಿ, ಅದಕ್ಕೆ ಸ್ಟೀಲಿನ ಬಲೆ. ಬಿಸಿಗಾಳಿ ಈ ಸಂದಿಯಿಂದ ಸದಾ ಹೊರಹೋಗುತ್ತದೆ, ಗೋಡೆಯಿಂದ ಇಳಿಯುವ ನೀರು ಟೋಪಿಯ ಮೇಲಿನಿಂದ ಹೆಂಚಿಗೆ ಬೀಳುತ್ತದೆ. ಹಳೆಯ ಗೋಡೆ, ಹೊಸ ಮಾಡು ಬೇರೆಬೇರೆಯಾಗಿ ಅಲುಗಿದರೂ ತೊಂದರೆಯಿಲ್ಲ. ಮಳೆಗಾಲದಲ್ಲೂ ಈ ಸಂದಿಯನ್ನು ಮುಚ್ಚಬಾರದು. ಪೂರ್ತಿ ಬಿಗಿದ ಕೋಣೆಯಲ್ಲಿ ಬಟ್ಟೆ ಒಣಗುವುದಿಲ್ಲ, ಕುರ್ಚಿಯ ಬೆತ್ತಕ್ಕೆ ಬೂಷ್ಟು ಹಿಡಿಯುತ್ತದೆ.

ಈಗ ಕಿಟಕಿ. ಇದರಲ್ಲಿ ನಾವು ಒಮ್ಮೆ ತಪ್ಪಿದೆವು, ಹಾಗಾಗಿ ಬಿಡಿಸಿ ಹೇಳುತ್ತೇನೆ. ಅಗ್ಗ, ಸುಲಭ ಎಂದು ಮೊದಲು ಎರಡು ಟ್ರ್ಯಾಕಿನ ಸ್ಲೈಡಿಂಗ್ ಹಾಕಿಸಿದೆವು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಹನಿ ಒಳಬರಲಿಲ್ಲ. ಅಕ್ಟೋಬರ್‌ನ ಗುಡುಗುಮಳೆ ಬಂದಾಗ ಟ್ರ್ಯಾಕಿನಿಂದ ನೀರು ಒಳಗೆ ಉಕ್ಕಿತು. ಕಾರಣ ಸರಳ. ಚದರ ಮೀಟರಿಗೆ 1 ಕಿಲೋ ಒತ್ತಡ ಎಂದರೆ 1 ಮಿಲಿಮೀಟರ್ ಎತ್ತರದ ನೀರು. ಟ್ರ್ಯಾಕಿನ ಒಳಗಿನ ಅಂಚು 25 ಎಂಎಂ ಎತ್ತರವಿದ್ದರೆ ಅದು ತಡೆಯುವುದು 25 ಕಿಲೋ ಒತ್ತಡವನ್ನು, ಅಂದರೆ ಗಂಟೆಗೆ 73 ಕಿಲೋಮೀಟರ್ ಗಾಳಿಯನ್ನು. ಅದಕ್ಕಿಂತ ಜೋರು ಗಾಳಿ ಹೊಡೆದರೆ ಹೊರಗೆ ಹರಿಯಬೇಕಾದ ನೀರನ್ನು ಗಾಳಿಯೇ ಹಿಂದಕ್ಕೆ ತಳ್ಳಿ, ಅಂಚು ದಾಟಿಸಿ ಒಳಗೆ ಸುರಿಯುತ್ತದೆ. ಸಿಲಿಕೋನ್ ಎಷ್ಟು ಮೆತ್ತಿದರೂ ಇದು ನಿಲ್ಲುವುದಿಲ್ಲ, ಯಾಕೆಂದರೆ ಇದು ತೂತಿನ ಸೋರಿಕೆಯಲ್ಲ. 140 ಕಿಲೋಮೀಟರ್ ಗಾಳಿಗೆ 93 ಎಂಎಂ ಅಂಚು ಬೇಕು, ಅಂಥ ಟ್ರ್ಯಾಕು ಮನೆಗಳಿಗೆ ಸಿಗುವುದಿಲ್ಲ.

ಆದ್ದರಿಂದ ಮೂಡು ಮುಖಕ್ಕೆ ಹೊರಕ್ಕೆ ತೆರೆಯುವ ಕಿಟಕಿ ಹಾಕಿಸಿದೆವು. ಎರಡು ಕಂಬಗಳ ನಡುವಿನ ಪ್ರತಿ ಅಂಕಣಕ್ಕೆ ಮೂರು, ಒಟ್ಟು ಆರು. ಗಾಳಿ ಹೊಡೆದಷ್ಟೂ ಕಿಟಕಿಯ ಬಾಗಿಲು ರಬ್ಬರ್ ಗ್ಯಾಸ್ಕೆಟ್ಟಿಗೆ ಒತ್ತಿ ಕೂರುತ್ತದೆ. ಹಿಡಿ ತಿರುಗಿಸಿದರೆ ಮೇಲೆ ಕೆಳಗೆ ಎರಡೂ ಕಡೆ ಬೀಳುವ ಲಾಕು ಇರಲಿ, ನಡುವಿನ ಒಂದೇ ಕೊಂಡಿ ಸಾಲದು. ಇಷ್ಟಾದರೂ ಚೌಕಟ್ಟಿನೊಳಗೆ ಸ್ವಲ್ಪ ನೀರು ಹೋಗಿಯೇ ಹೋಗುತ್ತದೆ. ಅದಕ್ಕೆ ಹೊರಹೋಗುವ ದಾರಿ ಕೊಡುವುದೇ ಇಡೀ ಕೆಲಸದ ಗುಟ್ಟು. ಕೆಳಪಟ್ಟಿಯಲ್ಲಿ ಪ್ರತಿ ಅಂಕಣಕ್ಕೆ ಎರಡಾದರೂ ನೀರುಕಿಂಡಿ ಇರಬೇಕು. ಸಾರಣೆ ಮಾಡುವವರು ಅದನ್ನು ಗಾರೆಯಿಂದ ಮುಚ್ಚಿಬಿಡುತ್ತಾರೆ. ಕೆಲಸ ಮುಗಿದ ದಿನವೇ ತಂತಿ ಹಾಕಿ ನೋಡಿ. ಕಿಟಕಿಯ ಕೆಳಗಿನ ಕಲ್ಲು ಹೊರಕ್ಕೆ ಇಳಿಜಾರಾಗಿರಲಿ, ಗೋಡೆಯಿಂದ ಒಂದೂವರೆ ಇಂಚು ಚಾಚಿರಲಿ, ಅಡಿಯಲ್ಲಿ ಹನಿ ಬೀಳುವ ಗೆರೆ ಕೊರೆದಿರಲಿ.

ಗಾಜು 6 ಎಂಎಂ ಟಫನ್ಡ್, ಅಂದರೆ ಕಾಯಿಸಿ ಗಟ್ಟಿಗೊಳಿಸಿದ್ದು. ಚೌಕಟ್ಟು ಕೂರಿಸಿದ ಮೇಲೆಯೇ ಅಳತೆ ತೆಗೆಯಿರಿ, ಅಗಲ ಎತ್ತರಗಳನ್ನು ಮೂರು ಮೂರು ಕಡೆ, ಮೂಲೆಯಿಂದ ಮೂಲೆಗೂ. ಸಣ್ಣ ಅಳತೆ ಹಿಡಿದು ಅದರಲ್ಲೂ 6 ಎಂಎಂ ಕಳೆಯಿರಿ. ಟಫನ್ಡ್ ಗಾಜನ್ನು ಆಮೇಲೆ ಕೊರೆಯಲಾಗುವುದಿಲ್ಲ, ಉಜ್ಜಿದರೂ ಪುಡಿಯಾಗುತ್ತದೆ. ಗಾಜಿನ ಅಡಿಗೆ ಎರಡೂ ತುದಿಯಿಂದ ಕಾಲುಭಾಗದಲ್ಲಿ ರಬ್ಬರ್ ತುಂಡು ಇಡಬೇಕು, ಲೋಹದ ಮೇಲೆ ನೇರ ಕೂತರೆ ಒಂದು ದಿನ ಒಡೆಯುತ್ತದೆ. ಸಿಲಿಕೋನ್ ಟ್ಯೂಬು ಕತ್ತರಿಸಿ ಮೂಸಿ ನೋಡಿ. ವಿನೆಗರ್ ವಾಸನೆ ಬಂದರೆ ವಾಪಸು ಕೊಡಿ. ಆ ಜಾತಿಯದು ಸಿಮೆಂಟಿಗೆ ಹಿಡಿಯುವುದಿಲ್ಲ, ಲೋಹವನ್ನೂ ತಿನ್ನುತ್ತದೆ. ನ್ಯೂಟ್ರಲ್ ಎಂದು ಬರೆದಿರುವುದೇ ಬೇಕು.

ಉಪ್ಪುಗಾಳಿಯ ಬಗ್ಗೆ ಒಂದು ಮಾತು. ಅಂಗಡಿಯಲ್ಲಿ ಜಿಐ ಎಂದು ಸಿಗುವ ಚೌಕ ಪೈಪಿನ ಸತುವಿನ ಪದರ ಸಾಮಾನ್ಯವಾಗಿ 10ರಿಂದ 20 ಮೈಕ್ರಾನ್. ಸೈಟಿನಲ್ಲಿ ವೆಲ್ಡ್ ಮಾಡಿದರೆ ಅಲ್ಲಿ ಅದೂ ಸುಟ್ಟುಹೋಗುತ್ತದೆ, ಮರುವರ್ಷ ಪ್ರತಿ ಜೋಡಣೆಯಲ್ಲೂ ಕೆಂಪು ನೀರು ಇಳಿಯುತ್ತದೆ. ನಾವು ಎಲ್ಲ ವೆಲ್ಡಿಂಗನ್ನೂ ಶೆಡ್ಡಿನಲ್ಲೇ ಮುಗಿಸಿ, ತುಂಡುಗಳನ್ನು ಕರಗಿದ ಸತುವಿನಲ್ಲಿ ಅದ್ದಿಸಿ ತಂದು, ಇಲ್ಲಿ ಬೋಲ್ಟ್ ಮಾತ್ರ ಹಾಕಿದೆವು. ಹಾಗೆ ಅದ್ದಿದರೆ ಪದರ ಸಾಮಾನ್ಯವಾಗಿ 50 ಮೈಕ್ರಾನ್ ದಾಟುತ್ತದೆ. ಪೈಪಿಗೆ ಎರಡೂ ತುದಿಯಲ್ಲಿ ತೂತು ಇರಲೇಬೇಕು, ಮುಚ್ಚಿದ ಪೈಪು ಆ ಬಿಸಿಗೆ ಸಿಡಿಯುತ್ತದೆ. ಕಿಟಕಿಯ ಸ್ಕ್ರೂ, ಬಿಜಾಗರಿ 316 ದರ್ಜೆಯ ಸ್ಟೀಲು. ಅಲ್ಯುಮಿನಿಯಂ ಮತ್ತು ಕಬ್ಬಿಣ ನೇರ ಮುಟ್ಟುವಲ್ಲೆಲ್ಲ ನೈಲಾನ್ ವಾಷರ್, ಇಲ್ಲದಿದ್ದರೆ ಅಲ್ಯುಮಿನಿಯಂ ಬಿಳಿ ಪುಡಿಯಾಗಿ ಉದುರುತ್ತದೆ.

ಸೂರಿನ ನೀರು ಹಿಡಿಯುವ ದಂಬೆಗೆ 6 ಇಂಚಿನ ಪಿವಿಸಿ ಪೈಪನ್ನು ಉದ್ದಕ್ಕೆ ಸೀಳಿ ಹಾಕಿದೆವು, ಎರಡು ಅಡಿಗೊಂದು ಕೊಕ್ಕೆ, 16 ಅಡಿಗೆ ಒಂದೂವರೆ ಇಂಚು ಇಳಿಜಾರು, ಕೊನೆಗೆ 4 ಇಂಚಿನ ಇಳಿಪೈಪು. ಗಂಟೆಗೆ 100 ಎಂಎಂ ಮಳೆ ಸುರಿದರೆ ಈ ಮಾಡಿನಿಂದ ನಿಮಿಷಕ್ಕೆ 25 ಲೀಟರ್ ಬರುತ್ತದೆ. ತಾರಸಿಯ ನೀರನ್ನು ಇದರ ಮೇಲೆ ಬಿಡಲೇಬಾರದು. ವಿದ್ಯುತ್ತಿಗೆ 30 ಮಿಲಿ ಆಂಪಿಯರಿನ ಆರ್‌ಸಿಸಿಬಿ (ವಿದ್ಯುತ್ ಸೋರಿದರೆ ತಾನಾಗಿ ಕಡಿಯುವ ಸ್ವಿಚ್ಚು) ಹಾಕಿಸಿ, ಇಡೀ ಕಬ್ಬಿಣದ ಚೌಕಟ್ಟಿಗೆ ಅರ್ಥಿಂಗ್ ಕೊಡಿಸಿ. ಕೆಲಸ ಶುರು ಮಾಡುವ ಮೊದಲು ಪಂಚಾಯತಿನ ಅನುಮತಿ ತೆಗೆದುಕೊಳ್ಳಿ. ಸಮುದ್ರದ ಭರತದ ನೀರು ಮುಟ್ಟುವ ಗೆರೆಯಿಂದ 500 ಮೀಟರ್ ಒಳಗಿದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ನಿಯಮವನ್ನೂ ವಿಚಾರಿಸಬೇಕು.

ಡಿಸೆಂಬರ್‌ನಲ್ಲಿ ಅಡಿಪಾಯ ತೆಗೆದರೆ ಏಪ್ರಿಲ್ ಕೊನೆಗೆ ಹೆಂಚು ಹಾಕಿ ಮುಗಿಸಬಹುದು. ಮಳೆಗಾಲಕ್ಕೆ ಮೊದಲು, ಮೇ ಕೊನೆಯ ಹೊತ್ತಿಗೆ ಬರುವ ತುಳುನಾಡಿನ ಪತ್ತನಾಜೆಯೊಳಗೆ ನೀರಿನ ಪರೀಕ್ಷೆಯೂ ಆಗಿರಬೇಕು. ತೋಟಕ್ಕೆ ನೀರು ಬಿಡುವ ಪೈಪು ಹಿಡಿದು ಹೊರಗೆ ಒಬ್ಬರು, ಟಾರ್ಚು ಹಿಡಿದು ಒಳಗೆ ಒಬ್ಬರು. ಕೆಳಗಿನಿಂದ ಶುರು ಮಾಡಿ: ಮೊದಲು ಕಿಟಕಿಯ ಕೆಳಗಿನ ಕಲ್ಲು, ಹತ್ತು ನಿಮಿಷ. ಆಮೇಲೆ ಕೆಳಪಟ್ಟಿ, ಪಕ್ಕದ ಪಟ್ಟಿ, ಮೇಲ್ಪಟ್ಟಿ, ಕೊನೆಗೆ ಟೋಪಿ. ಮೇಲಿನಿಂದ ಶುರು ಮಾಡಿದರೆ ನೀರು ಎಲ್ಲ ಜೋಡಣೆಗಳ ಮೇಲೂ ಇಳಿಯುವುದರಿಂದ ಸೋರಿದ್ದು ಎಲ್ಲಿ ಎಂದು ತಿಳಿಯುವುದೇ ಇಲ್ಲ. ನಮ್ಮಲ್ಲಿ ಸಿಕ್ಕಿದ್ದು ಒಂದೇ, ಈಶಾನ್ಯ ಮೂಲೆಯ ಚೌಕಟ್ಟಿನ ಕೆಳತುದಿಯಲ್ಲಿ ಕೂದಲೆಳೆಯಷ್ಟು ಸಂದಿ. ಬಿಚ್ಚಿ, ಒರೆಸಿ, ಒಣಗಿಸಿ, ಮತ್ತೆ ಸೀಲಂಟ್ ತುಂಬಿದೆವು.