ಫರ್ನೇಸ್ ಎಲ್ಲಿ ನಿಂತಿತು, ಮೊದಲು ಅದನ್ನು ನೋಡಿ

ಗಾಳಿಯನ್ನು ಬಿಸಿಮಾಡಿ ಕಟ್ಟಡವನ್ನು ಬೆಚ್ಚಗಿಡುವ ಫರ್ನೇಸ್ ಕೈಕೊಡುವುದು ಹೆಚ್ಚಾಗಿ ಚಳಿ ಬಿಗಿಯಾದ ರಾತ್ರಿಯಲ್ಲೇ. ತಿಂಗಳುಗಟ್ಟಲೆ ಸುಮ್ಮನಿದ್ದ ಯಂತ್ರದ ಮೇಲೆ ಒಮ್ಮೆಲೇ ಹಗಲು ರಾತ್ರಿಯ ದುಡಿಮೆ ಬೀಳುತ್ತದೆ. ಆಗ ಗಾಬರಿಯಾಗಿ ಸ್ವಿಚ್ ಆಫ್ ಆನ್ ಮಾಡುತ್ತಾ ಕೂರುವ ಬದಲು ಐದು ನಿಮಿಷ ಅದರ ಮುಂದೆ ನಿಂತು ನೋಡಿ. ಗ್ಯಾಸ್ ಫರ್ನೇಸ್ ತನ್ನ ಕೆಲಸವನ್ನು ಒಂದು ಕ್ರಮದಲ್ಲೇ ಮಾಡುತ್ತದೆ. ಆ ಕ್ರಮ ಎಲ್ಲಿ ಮುರಿಯಿತು ಎಂದು ತಿಳಿದರೆ ಅರ್ಧ ರಿಪೇರಿ ಆದಂತೆಯೇ.

ಕ್ರಮ ಹೀಗಿದೆ. ಕೋಣೆಯ ಬಿಸಿಯನ್ನು ಗಮನಿಸುವ ಥರ್ಮೋಸ್ಟಾಟ್ ಶಾಖ ಕೇಳಿದ ಕೂಡಲೇ ಇಂಡ್ಯೂಸರ್ ಎಂಬ ಸಣ್ಣ ಫ್ಯಾನ್ ತಿರುಗುತ್ತದೆ. ಹೊಗೆ ಹೋಗುವ ದಾರಿ ತೆರೆದಿದೆ ಎಂದು ಪ್ರೆಷರ್ ಸ್ವಿಚ್ ಖಾತ್ರಿ ಮಾಡಿಕೊಳ್ಳುತ್ತದೆ. ಬೆಂಕಿ ಹೊತ್ತಿಸುವ ಇಗ್ನೈಟರ್ ಕಾದು ಕೆಂಪಾಗುತ್ತದೆ, ಗ್ಯಾಸ್ ವಾಲ್ವ್ ತೆರೆದು ಬರ್ನರ್ ಹೊತ್ತಿಕೊಳ್ಳುತ್ತದೆ. ಉರಿ ಇದೆ ಎಂದು ಫ್ಲೇಮ್ ಸೆನ್ಸರ್ ಸುದ್ದಿ ಮುಟ್ಟಿಸಿದ ಮೇಲೆ, ತುಸು ಹೊತ್ತು ಬಿಟ್ಟು, ದೊಡ್ಡ ಬ್ಲೋವರ್ ಕೋಣೆಗಳಿಗೆ ಬಿಸಿಗಾಳಿ ತಳ್ಳುತ್ತದೆ.

ಏನೂ ಶುರುವಾಗದಿದ್ದರೆ: ಥರ್ಮೋಸ್ಟಾಟ್‌ನ ಬ್ಯಾಟರಿ, ಬ್ರೇಕರ್, ಫರ್ನೇಸ್ ಪಕ್ಕದ ಸ್ವಿಚ್ ನೋಡಿ. ಮುಂಭಾಗದ ತಗಡಿನ ಬಾಗಿಲನ್ನು ಸರಿಯಾಗಿ ಒತ್ತಿ ಕೂರಿಸಿ. ಅದರ ಹಿಂದೆ ಒಂದು ಸುರಕ್ಷತಾ ಸ್ವಿಚ್ ಇರುತ್ತದೆ. ಬಾಗಿಲು ಸಡಿಲವಾದರೆ ಇಡೀ ಯಂತ್ರ ಏಳುವುದಿಲ್ಲ.

ಇಂಡ್ಯೂಸರ್ ತಿರುಗಿಯೂ ಇಗ್ನೈಟರ್ ಕೆಂಪಾಗದಿದ್ದರೆ: ಹೊರಗೋಡೆಯಲ್ಲಿರುವ ಕೊಳವೆಗಳ ಬಾಯಿಗೆ ಹಿಮ, ಎಲೆ, ಹಕ್ಕಿಗೂಡು ಅಡ್ಡ ಬಂದಿದೆಯೇ ನೋಡಿ. 90 ಶೇಕಡಾಕ್ಕಿಂತ ಹೆಚ್ಚು ದಕ್ಷತೆಯ ಫರ್ನೇಸ್‌ಗಳಲ್ಲಿ ಹೊಗೆಯೊಳಗಿನ ಆವಿ ತಣಿದು ನೀರಾಗಿ ಇಳಿಯುತ್ತದೆ. ಆ ನೀರು ಹರಿಯುವ ಪೈಪ್ ಕಟ್ಟಿಕೊಂಡರೂ ಇದೇ ಗತಿ. ದಾರಿ ಪೂರ್ತಿ ತೆರವಾಗಿದ್ದರೂ ಕೆಂಪಾಗದಿದ್ದರೆ ಇಗ್ನೈಟರೇ ಸುಟ್ಟಿರಬಹುದು.

ಹೊತ್ತಿಕೊಂಡು ಕೆಲವೇ ಸೆಕೆಂಡಿನಲ್ಲಿ ಆರಿದರೆ: ಅನುಮಾನ ಫ್ಲೇಮ್ ಸೆನ್ಸರ್ ಮೇಲೆ. ಬರ್ನರ್‌ನ ಉರಿಯೊಳಗೆ ಚಾಚಿಕೊಂಡಿರುವ, ಪೆನ್ಸಿಲ್‌ಗಿಂತ ತೆಳುವಾದ ಲೋಹದ ಕಡ್ಡಿ ಅದು. ಉರಿಯ ಮೂಲಕ ಹರಿಯುವ ಕೆಲವೇ ಮೈಕ್ರೋಆಂಪ್ ವಿದ್ಯುತ್ತಿನಿಂದ ಅದು ಬೆಂಕಿಯನ್ನು ಗುರುತಿಸುತ್ತದೆ. ಮೇಲೆ ಬೂದಿಬಣ್ಣದ ತೆಳು ಪದರ ಕೂತರೂ ಸಾಕು, ಎದುರಿಗೇ ಉರಿಯುವ ಬೆಂಕಿ ಅದಕ್ಕೆ ತಿಳಿಯದು. ವಿದ್ಯುತ್ ಮತ್ತು ಗ್ಯಾಸ್ ಎರಡನ್ನೂ ಬಂದ್ ಮಾಡಿ, ಯಂತ್ರ ತಣ್ಣಗಾಗಲು ಬಿಡಿ. ಸಾಮಾನ್ಯವಾಗಿ ಒಂದೇ ಸ್ಕ್ರೂ ಇರುತ್ತದೆ. ಕಡ್ಡಿಯನ್ನು ಮೆಲ್ಲಗೆ ಎಳೆದುಕೊಂಡು, ನುಣುಪಾದ ಸ್ಟೀಲ್ ವೂಲ್‌ನಿಂದ ಲೋಹ ಹೊಳೆಯುವವರೆಗೆ ಹಗುರವಾಗಿ ಉಜ್ಜಿ, ಒಣಬಟ್ಟೆಯಲ್ಲಿ ಒರೆಸಿ ಮರಳಿ ಕೂರಿಸಿ. ಬಿಳಿ ಪಿಂಗಾಣಿ ಭಾಗ ಬಿರುಕು ಬಿಟ್ಟಿದ್ದರೆ ಹೊಸದೇ ಬೇಕು. ಹತ್ತಿರದಲ್ಲೇ ಇರುವ ಇಗ್ನೈಟರ್‌ಗೆ ಕೈ ತಾಗಿಸಬೇಡಿ. ಅದು ಗಾಜಿನಷ್ಟೇ ನಾಜೂಕು, ಬೆರಳಿನ ಜಿಡ್ಡಿನಿಂದಲೂ ಅದರ ಆಯುಸ್ಸು ಕಡಿಮೆಯಾಗಬಹುದು.

ಸ್ವಲ್ಪ ಹೊತ್ತು ಉರಿದು, ಬರ್ನರ್ ಮಾತ್ರ ಆರಿ ಬ್ಲೋವರ್ ಓಡುತ್ತಲೇ ಇದ್ದರೆ: ಒಳಗೆ ಬಿಸಿ ಅತಿಯಾಗಿ ಲಿಮಿಟ್ ಸ್ವಿಚ್ ಉರಿಯನ್ನು ತಡೆದಿರುತ್ತದೆ. ಮೊದಲು ಗಾಳಿಯ ಧೂಳು ಹಿಡಿಯುವ ಫಿಲ್ಟರ್ ತೆಗೆದು ಬೆಳಕಿಗೆ ಹಿಡಿಯಿರಿ. ಬೆಳಕು ಹಾಯದಿದ್ದರೆ ಗಾಳಿಯೂ ಹಾಯುತ್ತಿಲ್ಲ. ಒಂದಿಂಚಿನ ಫಿಲ್ಟರನ್ನು ಒಂದರಿಂದ ಮೂರು ತಿಂಗಳೊಳಗೆ ಬದಲಿಸಬೇಕು, ಸಾಕುಪ್ರಾಣಿಗಳಿದ್ದರೆ ಇನ್ನೂ ಬೇಗ. ಅಂಚಿನಲ್ಲಿರುವ ಬಾಣದ ಗುರುತು ಬ್ಲೋವರ್ ಕಡೆಗಿರಲಿ. ಕೋಣೆಗಳಲ್ಲಿ ಬಿಸಿಗಾಳಿಯ ಕಿಂಡಿಗಳನ್ನು ಸೋಫಾ, ಕಾರ್ಪೆಟ್ ಮುಚ್ಚಿದರೂ ಇದೇ ತೊಂದರೆ. ಇಷ್ಟು ಸಣ್ಣ ಕೆಲಸ ಬಿಟ್ಟುಹೋದದ್ದಕ್ಕೆ ದೊಡ್ಡ ಬಿಲ್ ತೆರುವವರನ್ನು ಕಂಡಾಗ ನಿಜಕ್ಕೂ ಬೇಸರವಾಗುತ್ತದೆ.

ಇಲ್ಲಿಂದಾಚೆ ನಿಮ್ಮ ಕೈ ಹೋಗಬಾರದು. ಗ್ಯಾಸ್ ವಾಲ್ವ್, ಗ್ಯಾಸ್ ಪೈಪ್, ಉರಿಯ ಬಿಸಿಯನ್ನು ಗಾಳಿಗೆ ದಾಟಿಸುವ ಹೀಟ್ ಎಕ್ಸ್‌ಚೇಂಜರ್ ಮೂರೂ ಪರವಾನಗಿ ಇರುವ ತಂತ್ರಜ್ಞರ ಕೆಲಸ. ಉರಿ ನೀಲಿಯಾಗಿ ನಿಂತಿರಬೇಕು. ಹಳದಿಯಾಗಿ ಓಲಾಡಿದರೆ ಫರ್ನೇಸ್ ಬಂದ್ ಮಾಡಿ ಅವರನ್ನು ಕರೆಸಿ. ಅರೆಬರೆ ಉರಿದ ಗ್ಯಾಸ್‌ನಿಂದ ಹುಟ್ಟುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಮನೆಯವರಿಗೆಲ್ಲ ಒಟ್ಟಿಗೆ ತಲೆನೋವು, ತಲೆಸುತ್ತು, ವಾಕರಿಕೆ ಬಂದು, ಹೊರಗೆ ಹೋದ ಕೂಡಲೇ ಹಗುರವೆನಿಸಿದರೆ ಅದನ್ನು ನೆಗಡಿ ಎಂದು ತಳ್ಳಿಹಾಕಬೇಡಿ. ಹೊರಗೇ ಉಳಿದು ತುರ್ತು ಸೇವೆಗೆ ಕರೆ ಮಾಡಿ. ಮಲಗುವ ಕೋಣೆಗಳ ಬಳಿ ಕಾರ್ಬನ್ ಮಾನಾಕ್ಸೈಡ್ ಅಲಾರಾಂ ಇರಲೇಬೇಕು. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅದು ಗ್ಯಾಸ್ ಸೋರಿಕೆ: ಯಾವ ಸ್ವಿಚ್ಚನ್ನೂ ಮುಟ್ಟದೆ ಎಲ್ಲರನ್ನೂ ಹೊರಗೆ ಕರೆತಂದು, ದೂರ ನಿಂತು ಫೋನ್ ಮಾಡಿ. ಚಳಿಗಾಲದ ಮೊದಲ ದಿನ ಬರುವ ಧೂಳು ಸುಟ್ಟ ವಾಸನೆ ಬೇರೆ, ಅದು ಸ್ವಲ್ಪ ಹೊತ್ತಿನಲ್ಲೇ ಹೋಗುತ್ತದೆ.

ಅಂಗಡಿ, ಕಚೇರಿಗಳಲ್ಲಿ ಯಂತ್ರ ಹೆಚ್ಚಾಗಿ ತಾರಸಿಯ ಮೇಲಿರುವುದರಿಂದ ಯಾರ ಕಣ್ಣಿಗೂ ಬೀಳುವುದಿಲ್ಲ. ಫಿಲ್ಟರ್ ಬದಲಿಸುವ ಹೊಣೆಯನ್ನು ಒಬ್ಬರಿಗೆ ವಹಿಸಿ. ಬೆಲ್ಟ್ ಇರುವ ಬ್ಲೋವರ್ ಆದರೆ ಬೆಲ್ಟ್ ಸೀಳಿದೆಯೇ, ಸಡಿಲವಾಗಿದೆಯೇ ಎಂದು ನೋಡಿ, ತಾರೀಖಿನೊಂದಿಗೆ ಒಂದು ಪುಸ್ತಕದಲ್ಲಿ ಬರೆದಿಡಿ.

ಮನೆಯಾಗಲಿ, ಅಂಗಡಿಯಾಗಲಿ, ವರ್ಷಕ್ಕೊಮ್ಮೆ ಚಳಿಗೆ ಮುಂಚೆಯೇ ತಂತ್ರಜ್ಞರಿಂದ ತಪಾಸಣೆ ಮಾಡಿಸಿ. ನಡುವೆ ಕೆಟ್ಟು ಅವರನ್ನು ಕರೆಸುವುದಾದರೆ, ಕಂಟ್ರೋಲ್ ಬೋರ್ಡ್‌ನ ಪುಟ್ಟ ದೀಪ ಎಷ್ಟು ಸಲ ಮಿನುಗುತ್ತಿದೆ ಎಂದು ಎಣಿಸಿಕೊಳ್ಳಿ. ಅದರ ಅರ್ಥ ಬಾಗಿಲಿನ ಒಳಬದಿಯ ಚೀಟಿಯಲ್ಲಿ ಅಚ್ಚಾಗಿರುತ್ತದೆ. ಆ ಎಣಿಕೆಯನ್ನೂ ಕ್ರಮ ಎಲ್ಲಿ ನಿಂತಿತೆಂಬುದನ್ನೂ ಫೋನಿನಲ್ಲೇ ಹೇಳಿದರೆ, ಅವರು ಬೇಕಾದ ಬಿಡಿಭಾಗ ಹಿಡಿದುಕೊಂಡೇ ಬರಬಹುದು.