ವೇಗ ಬಿಟ್ಟೆವು, ನೆಲದ ಸೆಕೆಂಡು ಉಳಿಸಿದೆವು: ಎಫ್2ಡಿ ಕಾಂಬ್ಯಾಟ್‌ನಲ್ಲಿ ನನ್ನ ಅನುಭವ

ಎಫ್2ಡಿ ಕಾಂಬ್ಯಾಟ್ ಅಂದರೆ ಇಬ್ಬರು ಪೈಲಟ್‌ಗಳು ಎಂಜಿನ್ ಇರುವ ಮಾಡೆಲ್ ವಿಮಾನಗಳನ್ನು ಹ್ಯಾಂಡಲ್ ಮತ್ತು ತಂತಿಗಳ (ಲೈನ್) ಮೂಲಕ ತಮ್ಮ ಸುತ್ತ ಹಾರಿಸುತ್ತಾ, ಒಬ್ಬರ ಮಾಡೆಲ್ಲಿನ ಕಾಗದದ ಬಾಲವನ್ನು (ಸ್ಟ್ರೀಮರ್) ಇನ್ನೊಬ್ಬರು ಕತ್ತರಿಸುವ ಆಟ. ಇದರಲ್ಲಿ ಗೆಲ್ಲಬೇಕಾದರೆ ಎದುರಾಳಿಗಿಂತ ಜೋರಾಗಿ ಹಾರಬೇಕು ಅನ್ನುವವರೇ ನಮ್ಮಲ್ಲಿ ಹೆಚ್ಚು. ಎಂಜಿನ್ನಿಗೆ ಹೋಗುವ ಇಂಧನವನ್ನು ಹೊಂದಿಸುವ ನೀಡಲನ್ನು ಸ್ವಲ್ಪ ರಿಚ್ ಕಡೆಗೇ (ಇಂಧನ ತುಸು ಹೆಚ್ಚು ಹೋಗುವಂತೆ) ಇಟ್ಟು, ಹತ್ತು ಸುತ್ತಿಗೆ ಅರ್ಧ ಮುಕ್ಕಾಲು ಸೆಕೆಂಡು ಬಿಟ್ಟುಕೊಟ್ಟು ಅಂತಾರಾಷ್ಟ್ರೀಯ ಸ್ಪರ್ಧೆಗೆ ಹೋಗುತ್ತೇನೆ ಅಂದಾಗ, "ದುಡ್ಡು ದಂಡ, ಮೊದಲೆರಡು ಪಂದ್ಯದಲ್ಲೇ ಗಂಟುಮೂಟೆ ಕಟ್ಟಬೇಕಾಗುತ್ತೆ" ಅಂದರು. ವರ್ಲ್ಡ್ ಕಪ್ ಪಟ್ಟಿಯಲ್ಲಿದ್ದ ಆ ಓಪನ್ ಸ್ಪರ್ಧೆಯಲ್ಲಿ ಕೊನೆಯ ಎಂಟರವರೆಗೆ ಹೋಗಿ ಬಂದಿದ್ದೇನೆ. ಅದಕ್ಕೇ ಈ ಬರಹ.

ಲೆಕ್ಕ ಸರಳ. ಎದುರಾಳಿಯ ಸ್ಟ್ರೀಮರ್ ಕತ್ತರಿಸಿದ ಒಂದು ಕಟ್‌ಗೆ 100 ಅಂಕ, ಆದರೆ ಅದು ಸಿಕ್ಕರೆ ಉಂಟು, ಸಿಗದಿದ್ದರೆ ಇಲ್ಲ. ಮಾಡೆಲ್ ನೆಲದ ಮೇಲಿರುವ ಒಂದೊಂದು ಸೆಕೆಂಡಿಗೂ ಒಂದೊಂದು ಅಂಕ ಹೋಗುವುದು ಮಾತ್ರ ಗ್ಯಾರಂಟಿ. ನಾಲ್ಕು ನಿಮಿಷದ ಪಂದ್ಯದಲ್ಲಿ ಎರಡು ಸಲ ಕೆಳಗೆ ಬಂದು, ಸಲಕ್ಕೆ 40 ಸೆಕೆಂಡು ಕಳೆದರೆ 80 ಅಂಕ ಹೋಯಿತು. ಇನ್ನು ವೇಗ ಬಿಟ್ಟಿದ್ದರಿಂದ ಹೋಗಿದ್ದೆಷ್ಟು? 15.92 ಮೀಟರ್ ಲೈನಿಗೆ ಒಂದು ಸುತ್ತು ಅಂದರೆ ಹೆಚ್ಚುಕಮ್ಮಿ 100 ಮೀಟರ್. ಹತ್ತು ಸುತ್ತಿಗೆ 20 ಸೆಕೆಂಡು ತೆಗೆದುಕೊಳ್ಳುವವನು 180 ಕಿಲೋಮೀಟರ್ ವೇಗದಲ್ಲಿದ್ದರೆ, 20.7 ತೆಗೆದುಕೊಳ್ಳುವ ನಾನು 174ರಲ್ಲಿದ್ದೇನೆ. ನೇರ ಬೆನ್ನಟ್ಟುವಾಗ ಆ ಆರು ಕಿಲೋಮೀಟರ್ ಕಾಡುತ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಕಾಂಬ್ಯಾಟ್‌ನಲ್ಲಿ ನೇರ ಬೆನ್ನಟ್ಟುವುದು ಎಷ್ಟು ಹೊತ್ತು? ಒಳಗಿಂದ ತಿರುಗಿ ಅಡ್ಡ ಬರುವವನಿಗೇ ಕಟ್ ಸಿಗುವುದು.

ರಿಚ್ ಇಟ್ಟಿದ್ದರ ನಿಜವಾದ ಲಾಭ ಬಿಸಿ ಎಂಜಿನ್ನಿನಲ್ಲಿ ಕಂಡಿತು. ತುದಿಯವರೆಗೆ ಲೀನ್ ಮಾಡಿದ (ಇಂಧನ ಕಡಿಮೆ ಮಾಡಿದ) ಎಂಜಿನ್ ನಿಂತರೆ ಮತ್ತೆ ಹಿಡಿಯಲು ಸತಾಯಿಸುತ್ತದೆ. ಮೆಕ್ಯಾನಿಕ್ ಪ್ರಾಪ್ (ಪ್ರೊಪೆಲರ್) ಹೊಡೆದು ಹೊಡೆದು ಸೋಲುತ್ತಾನೆ. ನನ್ನದು ಎರಡನೇ ಮೂರನೇ ಏಟಿಗೆ ಹಿಡಿಯುತ್ತದೆ. ಪ್ರೈಮ್ (ಸ್ಟಾರ್ಟ್ ಮಾಡುವ ಮೊದಲು ಹಾಕುವ ತೊಟ್ಟು ಇಂಧನ) ಎಷ್ಟು ಹಾಕುತ್ತೇವೆ, ಎಲ್ಲಿಗೆ ಹಾಕುತ್ತೇವೆ ಅನ್ನುವುದು ನಾನು ಮತ್ತು ನನ್ನ ಇಬ್ಬರು ಮೆಕ್ಯಾನಿಕ್‌ಗಳು, ಈ ಮೂವರಲ್ಲೇ ಇರಲಿ.

ಹೆಚ್ಚು ಕಾಡಿದ್ದು ಶಟ್‌ಆಫ್, ಅಂದರೆ ಲೈನ್ ಬಿಟ್ಟರೆ ಇಂಧನ ತಡೆದು ಎಂಜಿನ್ ನಿಲ್ಲಿಸುವ ಸಾಧನ. ಲೈನ್ ಕತ್ತರಿಸಿದರೆ ಮಾಡೆಲ್ ಎಲ್ಲೆಲ್ಲೋ ಹೋಗಿ ಯಾರಿಗಾದರೂ ಬಡಿಯಬಾರದು, ಅದಕ್ಕೆ ಅದು ಬೇಕೇ ಬೇಕು. ಆ ಬಗ್ಗೆ ನನ್ನದು ತಕರಾರಿಲ್ಲ. ತೊಂದರೆ ಇರುವುದು ಗಾಳಿಯ ದಿನ. ತಲೆಯ ಮೇಲೆ ಬಿಗಿಯಾಗಿ ತಿರುಗಿಸಿದಾಗ ಲೈನ್ ಒಂದು ಕ್ಷಣ ಸಡಿಲವಾಗುತ್ತದೆ. ಅಷ್ಟಕ್ಕೇ ಸ್ಪ್ರಿಂಗ್ ಎಳೆದು ಇಂಧನದ ಟ್ಯೂಬು ಹಿಚುಕಿ ಎಂಜಿನ್ ನಿಲ್ಲಿಸಿಬಿಡುತ್ತದೆ. ಒಂದು ಇಡೀ ಸೀಸನ್ ಇದರಿಂದಲೇ ಸೋತೆವು. ಮೆದು ಸ್ಪ್ರಿಂಗ್ ಹಾಕಿದರೆ ಲೈನ್ ಬಿಟ್ಟರೂ ಎಂಜಿನ್ ಓಡುತ್ತಿತ್ತು, ಅದು ಅಪಾಯ. ಗಟ್ಟಿ ಸ್ಪ್ರಿಂಗ್ ಹಾಕಿದರೆ ಮೂರು ಲೂಪಿಗೊಮ್ಮೆ ಮೌನ. ಸ್ಪ್ರಿಂಗ್ ಬದಲಿಸುವುದು ಬಿಟ್ಟು ಟ್ಯೂಬಿನ ಕಡೆ ನೋಡಿದ ಮೇಲೆ ದಾರಿ ಸಿಕ್ಕಿತು. ಗಟ್ಟಿ ಸ್ಪ್ರಿಂಗನ್ನೇ ಉಳಿಸಿ, ಟ್ಯೂಬು ಪೂರ್ತಿ ಮುಚ್ಚುವ ಮೊದಲು ಲಿವರ್ ಇನ್ನಷ್ಟು ದೂರ ಚಲಿಸುವಂತೆ ಮಾಡಿದೆ. ಕ್ಷಣದ ಸಡಿಲಕ್ಕೆ ಎಂಜಿನ್ ಕೆಮ್ಮಿ ಮತ್ತೆ ಎತ್ತಿಕೊಳ್ಳುತ್ತದೆ. ಲೈನ್ ನಿಜವಾಗಿ ಬಿಟ್ಟರೆ ನಿಲ್ಲುತ್ತದೆ. ಎಷ್ಟು ಮಿಲಿಮೀಟರ್ ಅನ್ನುವುದು ನಿಮ್ಮ ಟ್ಯೂಬಿನ ಮೇಲೆ ನಿಂತಿದೆ, ಮಾಡೆಲನ್ನು ಕೈಯಲ್ಲಿ ಹಿಡಿದು ಎಂಜಿನ್ ಓಡಿಸಿ ಪರೀಕ್ಷಿಸಿಕೊಳ್ಳಿ.

ನಡುವೆ ಬ್ಲ್ಯಾಡರ್ (ಒತ್ತಡದಿಂದ ಇಂಧನ ಕಳಿಸುವ ರಬ್ಬರ್ ಚೀಲ) ಪ್ರಯೋಗ. ಮಕ್ಕಳ ಚೀಪುವ ನಿಪ್ಪಲ್ಲಿನದು ಬಿಟ್ಟು ಪೆನ್ನಿನ ರಬ್ಬರ್ ಟ್ಯೂಬು ಹಾಕಿ ನೋಡಿದೆವು. ಒತ್ತಡ ಹೆಚ್ಚು, ನಿಜ. ಆದರೆ ಕೊನೆಯ ಅರ್ಧ ನಿಮಿಷದಲ್ಲಿ ನೀಡಲ್ ಸೆಟ್ಟಿಂಗ್ ಜಾರುತ್ತಿತ್ತು, ಮತ್ತೆ ನಿಪ್ಪಲ್ಲಿಗೇ ಬಂದೆವು. ರೆಕ್ಕೆಯ ಮುಂಭಾಗದ ಫೋಮಿಗೆ ಕೆವ್ಲರ್ ದಾರವನ್ನು ಒತ್ತೊತ್ತಾಗಿ ಸುತ್ತಿದ್ದೂ ಉಂಟು. ಢಿಕ್ಕಿಯಲ್ಲಿ ರೆಕ್ಕೆ ಉಳಿಯಿತು, ತೂಕ ಏರಿತು, ತಿರುವು ಮಂಕಾಯಿತು. ಈಗ ಮಧ್ಯಭಾಗಕ್ಕೆ ಮಾತ್ರ ಒತ್ತಾಗಿ, ತುದಿಗಳಿಗೆ ಬಿಡಿಬಿಡಿಯಾಗಿ ಸುತ್ತುತ್ತೇನೆ. ಕೆಳಭಾಗದ ಮೈಲಾರ್ ಹೊದಿಕೆಗೆ ಗಾಢ ಬಣ್ಣ ಬಳಿದಿದ್ದು ಮಾತ್ರ ಮೊದಲ ದಿನವೇ ಫಲ ಕೊಟ್ಟಿತು. ಮಾಡೆಲ್ ಬೋರಲು ಬಿದ್ದಿದೆಯೋ ಅಂಗಾತ ಬಿದ್ದಿದೆಯೋ ಮೆಕ್ಯಾನಿಕ್‌ಗಳಿಗೆ ಓಡುವಾಗಲೇ ಗೊತ್ತಾಗುತ್ತದೆ.

ದುಡ್ಡಿನ ಮಾತು. ಒಳ್ಳೆಯ ರೇಸಿಂಗ್ ಎಂಜಿನ್ ಒಂದರ ಬೆಲೆಗೆ ರೆಡಿ ಮಾಡೆಲ್ ನಾಲ್ಕೈದಾದರೂ ಬರುತ್ತವೆ. ವೇಗದ ಹುಚ್ಚಿನಲ್ಲಿದ್ದಾಗ ವರ್ಷಕ್ಕೆರಡು ಹೊಸ ಎಂಜಿನ್ ತರಿಸುತ್ತಿದ್ದೆ, ಪಿಸ್ಟನ್ ಲೈನರ್ ಖರ್ಚು ಬೇರೆ. ಈ ಸಲ ಹೊಸ ಎಂಜಿನ್ ಬೇಡವೇ ಬೇಡ ಅಂದುಕೊಂಡು ಹಳೆಯ ಮೂರನ್ನೇ ಸರಿಮಾಡಿ, ಉಳಿದ ದುಡ್ಡನ್ನೆಲ್ಲ ಅಭ್ಯಾಸಕ್ಕೆ ಹಾಕಿದೆ: ಇಂಧನ, ಪ್ರಾಪ್, ಕ್ರೇಪ್ ಕಾಗದ, ಮುರಿಯಲೆಂದೇ ಕಟ್ಟಿದ ಮಾಡೆಲ್‌ಗಳು. ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ಪ್ರಯಾಣಕ್ಕೇ ಹೋಯಿತು ಅನ್ನಿ. ವಿಮಾನದಲ್ಲಿ ಇಂಧನ ಒಯ್ಯುವಂತಿಲ್ಲ, ಸ್ಪರ್ಧೆಯಲ್ಲಿ ಕೊಟ್ಟದ್ದನ್ನೇ ಬಳಸಬೇಕು. ಎಂಜಿನ್‌ಗಳನ್ನು ಇಂಧನದ ಮೆಥನಾಲ್ ವಾಸನೆ ಒಂದಿಷ್ಟೂ ಉಳಿಯದ ಹಾಗೆ ತೊಳೆದು ಒಣಗಿಸಿ ಪ್ಯಾಕ್ ಮಾಡಿ, ಇಲ್ಲದಿದ್ದರೆ ಪೆಟ್ಟಿಗೆ ವಿಮಾನ ನಿಲ್ದಾಣದಲ್ಲೇ ಉಳಿಯುತ್ತದೆ.

ಅಭ್ಯಾಸ ಅಂದರೆ ಹಾರಾಟಕ್ಕಿಂತ ಹೆಚ್ಚಾಗಿ ಬೀಳುವುದರ ಅಭ್ಯಾಸ. ಬೇಕೆಂದೇ ಮಾಡೆಲನ್ನು ಹುಲ್ಲಿಗೆ ಇಳಿಸುತ್ತಿದ್ದೆ, ಇಬ್ಬರು ಮೆಕ್ಯಾನಿಕ್‌ಗಳು ಹೆಲ್ಮೆಟ್ ಹಾಕಿಕೊಂಡು ಓಡುತ್ತಿದ್ದರು, ಗಡಿಯಾರ ಓಡುತ್ತಿತ್ತು. ಮೊದಮೊದಲು 40 ಸೆಕೆಂಡು, ಕೆಲವೊಮ್ಮೆ ಒಂದು ನಿಮಿಷ. ನಾವು ಮಾಡಿಕೊಂಡ ನಿಯಮ ಒಂದೇ: ಮೂಗು ಮಣ್ಣಿಗೆ ತಗುಲಿದ್ದರೆ ಆ ಎಂಜಿನ್ ಮುಟ್ಟಬಾರದು. ಒಬ್ಬ ಸ್ಟ್ರೀಮರ್ ಬಿಡಿಸಿಕೊಂಡು ಸಿದ್ಧವಿರುವ ಎರಡನೇ ಮಾಡೆಲ್ ಕಡೆ ಓಡಬೇಕು, ಇನ್ನೊಬ್ಬ ಅಷ್ಟರೊಳಗೆ ಅದನ್ನು ಸ್ಟಾರ್ಟ್ ಮಾಡಿರಬೇಕು, ನಾನು ಎರಡನೇ ಹ್ಯಾಂಡಲ್ ಎತ್ತಿಕೊಂಡು ಅದರ ಪಟ್ಟಿಯನ್ನು ಮಣಿಕಟ್ಟಿಗೆ ಹಾಕಿಕೊಂಡಿರಬೇಕು. "ನೋಡೋಣ, ಒಂದು ಏಟು ಹೊಡೆದು ನೋಡೋಣ" ಅನ್ನುವ ಮಾತೇ ಇಲ್ಲ. ಸ್ಟ್ರೀಮರ್ ದಾರವನ್ನು ಸರಕ್ಕನೆ ಬಿಡಿಸಿ ಸಿಕ್ಕಿಸಲು ಒಂದು ಗಂಟು ಇದೆ, ಅದನ್ನು ಹೇಳುವುದಿಲ್ಲ. ಸ್ಪರ್ಧೆಗೆ ಹೊರಡುವ ಹೊತ್ತಿಗೆ 15 ಸೆಕೆಂಡಿನ ಆಸುಪಾಸಿಗೆ ಬಂದಿದ್ದೆವು.

ಮೊದಲ ಪಂದ್ಯವನ್ನೇ ಸೋತೆವು. ಎದುರಾಳಿ ಎರಡು ಕಟ್ ತೆಗೆದ, ನನಗೆ ಒಂದೂ ಇಲ್ಲ. ಎರಡು ಸೋಲಿಗೆ ಮನೆ. ಅಂದರೆ ಉಳಿದಿದ್ದು ಒಂದೇ ಜೀವ. ಆಮೇಲೆ ಎಂಟರ ಸುತ್ತಿಗೆ ಮೊದಲಿನ ಪಂದ್ಯಗಳೆಲ್ಲ ಹತ್ತಿರ ಹತ್ತಿರದವು, ಎಲ್ಲವೂ ನಮ್ಮ ಕಡೆಗೇ ವಾಲಿದವು. ಒಂದನ್ನು ಹೇಳಲೇಬೇಕು. ಎದುರಿಗಿದ್ದವನ ಎಂಜಿನ್ ಸದ್ದು ಕೇಳಿದರೇ ಗೊತ್ತಾಗುತ್ತಿತ್ತು ನಮ್ಮದಕ್ಕಿಂತ ಎಷ್ಟು ಮುಂದಿದೆ ಅಂತ. ಮೊದಲ ನಿಮಿಷದಲ್ಲೇ ಕಟ್ ತೆಗೆದ. ಅವನು ಮತ್ತೆ ಬರುವಾಗ ನಾನು ಕೆಳಗಿಂದ ತಿರುಗಿ ಅವನ ಕಾಗದಕ್ಕೆ ಬಾಯಿ ಹಾಕಿದೆ, ತಲಾ ಒಂದು ಕಟ್ ಆಯಿತು. ಮರುಕ್ಷಣ ಢಿಕ್ಕಿ, ಎರಡೂ ಮಾಡೆಲ್ ನೆಲಕ್ಕೆ. ನಮ್ಮವರು ಹನ್ನೆರಡೋ ಹದಿಮೂರೋ ಸೆಕೆಂಡಿಗೆ ಎರಡನೆಯದನ್ನು ಬಿಟ್ಟರು. ಅವನ ಹುಡುಗರು ಬಿದ್ದ ಎಂಜಿನ್ನಿಗೇ ಪ್ರಾಪ್ ಹೊಡೆಯುತ್ತಾ ಕೂತರು, ಆಮೇಲೆ ಮಾಡೆಲ್ ಬದಲಿಸಿದರು, 50 ಸೆಕೆಂಡಾದರೂ ಆಗಿರಬೇಕು. ಅವನು ಎದ್ದ ಮೇಲೆ ನಾನು ಹತ್ತಿರವೇ ಹೋಗಲಿಲ್ಲ. ಅವನ ಬಾಲ ಹಿಡಿಯುವ ಅಗತ್ಯ ನನಗಿರಲಿಲ್ಲ, ನನ್ನ ಬಾಲ ಹಿಡಿಯುವ ಅಗತ್ಯ ಅವನಿಗಿತ್ತು. ಮೇಲೆ ಕೆಳಗೆ ಓಡಾಡಿಸಿ ಹೊತ್ತು ಕಳೆದೆ. ಮೂವತ್ತೈದು ನಲವತ್ತು ಅಂಕದ ಅಂತರದಲ್ಲಿ ಗೆದ್ದೆ.

ಎಂಟರ ಸುತ್ತಿನಲ್ಲಿ ಲೈನ್‌ಗಳು ಸಿಕ್ಕಿಹಾಕಿಕೊಂಡಾಗ ಎದುರಾಳಿ ನನಗಿಂತ ಚೆನ್ನಾಗಿ ಬಿಡಿಸಿಕೊಂಡ, ಕಟ್ ತೆಗೆದ, ಗೆದ್ದ. ಅಲ್ಲಿ ನೆಲದ ಸೆಕೆಂಡಿನ ಲೆಕ್ಕವೇ ಬರಲಿಲ್ಲ, ಇಬ್ಬರೂ ಕೊನೆಯವರೆಗೆ ಗಾಳಿಯಲ್ಲೇ ಇದ್ದೆವು. ಅಂಥ ಪಂದ್ಯಕ್ಕೆ ನನ್ನ ಪದ್ಧತಿ ಸಾಲದು. ಈಗ ಅದಕ್ಕೆಂದೇ ಇನ್ನೊಬ್ಬ ಪೈಲಟ್ ಜೊತೆ ಸ್ಟ್ರೀಮರ್ ಇಲ್ಲದೆ, ಬೇಕೆಂದೇ ಲೈನ್ ಹೆಣೆದುಕೊಂಡು ಬಿಡಿಸುವ ಅಭ್ಯಾಸ ನಡೆಸಿದ್ದೇನೆ. ಎಂಜಿನ್‌ಗಳು ಅವೇ ಹಳೆಯವು, ನೀಡಲ್ ಇನ್ನೂ ರಿಚ್ ಕಡೆಗೇ ಇದೆ.